ದಾರ ಕಟ್ಟಿದ ಜೀರ್ಜಿಂಬೆ

ಮುಂಗಾರಿನ ಮೊದಲ ಹದ ಮಳೆ ಬಿದ್ದು ನೆಲದಲ್ಲಿ ಹಸಿರು ಮೂಡುವ ಹೊತ್ತಿಗೆ ನಮ್ಮೂರ ಕೆರೆಯೇರಿಯ ಜಾಲಿ ಮರಗಳಿಗೆ ಜೀರ್ಜಿಂಬೆಗಳು ಬರುತ್ತಿದ್ದವು. ಬಯಲುಸೀಮೆಯಲ್ಲಿ ಬೆಳೆದವರಿಗೆ ಆ ಹುಳದ ಪರಿಚಯ ಹೇಳಬೇಕಾಗಿಲ್ಲ. ಪಾಲಿಶ್ ಹಾಕಿದಂತೆ ಮಿರಿಮಿರಿ ಮಿಂಚುವ ಬೆನ್ನು, ಬೆರಳಿಗೆ ಕಚ್ಚಿ ಹಿಡಿಯುವ ಮುಳ್ಳುಮುಳ್ಳು ಕಾಲು. ಬೆಂಕಿಪೊಟ್ಟಣದಲ್ಲಿ ಒಂದಿಷ್ಟು ಜಾಲಿ ಸೊಪ್ಪು ಹಾಸಿ, ಅದರ ಮೇಲೆ ಹುಳವನ್ನಿಟ್ಟು, ಚಡ್ಡಿ ಜೇಬಿಗೆ ಹಾಕಿಕೊಂಡು ಸ್ಕೂಲಿಗೆ ಹೋದರೆ ಆ ದಿನ ಪಾಠ ತಲೆಗೆ ಹತ್ತಿದಂತೆಯೇ! ಸಂಜೆ ಮನೆಗೆ ಬಂದ ಮೇಲೆ ಅದರ ಕಾಲಿಗೆ ಅಮ್ಮನ ಹೊಲಿಗೆ ದಾರ ಕಟ್ಟಿ ಮೇಲಕ್ಕೆಸೆಯುತ್ತಿದ್ದೆವು. ಗಟ್ಟಿ ಬೆನ್ನು ಎರಡು ಬಾಗಿಲಿನಂತೆ ತೆರೆದುಕೊಳ್ಳುತ್ತಿತ್ತು. ಒಳಗೆ ಮಡಿಸಿಟ್ಟಿದ್ದ ತೆಳು ರೆಕ್ಕೆ ಹೊರಬಂದು ಜುಂಯ್ ಎಂಬ ಸದ್ದು ಹೊರಡುತ್ತಿತ್ತು. ದಾರ ಎಷ್ಟುದ್ದವೋ ಅಷ್ಟಗಲದ ಸುತ್ತು, ನಮ್ಮ ತಲೆಯ ಮೇಲೆ.

ಅಜ್ಜಿ ಜಗುಲಿಯ ಮೇಲೆ ಕೂತು ನೋಡುತ್ತಿದ್ದರು. "ಹೊಟ್ಟೆಗೆ ಹಾಕ್ದೆ ಹಾರ್ಸಿದ್ರೆ ಅದು ಎಷ್ಟೊತ್ತು ಹಾರೀತು ಮಗಾ? ಮೊದ್ಲು ಸೊಪ್ಪು ಹಾಕು, ಆಮೇಲೆ ಆಟ" ಅನ್ನುತ್ತಿದ್ದರು. ಆಗ ಆ ಮಾತು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ.

ಇಳಿದದ್ದು ಎಷ್ಟೋ ವರ್ಷಗಳ ಮೇಲೆ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ವುಡ್ ಅವರ ಪ್ರಯೋಗಾಲಯದಲ್ಲಿ ತೆಗೆದ ಒಂದು ವಿಡಿಯೊ ನೋಡಿದಾಗ. ಬಿಳಿ ಹಿನ್ನೆಲೆಯಲ್ಲಿ ಕಡ್ಡಿಯಂತೆ ನಿಂತ ಒಂದು ಪುಟ್ಟ ಯಂತ್ರ, ಮೇಲ್ಗಡೆ ಎರಡು ಪಾರದರ್ಶಕ ರೆಕ್ಕೆ. ರೋಬೋಬೀ, ಅಂದರೆ ಯಂತ್ರದ ಜೇನು, ಅದರ ಹೆಸರು. ತೂಕ 80 ಮಿಲಿಗ್ರಾಂ, ಮೂರ್ನಾಲ್ಕು ಅಕ್ಕಿ ಕಾಳಿನಷ್ಟು. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಮೂರು ಸೆಂಟಿಮೀಟರ್. ಸೆಕೆಂಡಿಗೆ 120 ಸಲ ಬಡಿತ. ಅದು ಎದ್ದಿತು, ಗಾಳಿಯಲ್ಲಿ ನಿಂತಿತು, ಪಕ್ಕಕ್ಕೆ ಸರಿಯಿತು. ನನ್ನ ಕಣ್ಣು ಮಾತ್ರ ಅದರ ಬಾಲದ ಕಡೆಗೇ ಹೋಯಿತು. ಅಲ್ಲಿಂದ ಕೂದಲೆಳೆಯಂಥ ತಂತಿ ಕೆಳಗೆ ಇಳಿಬಿದ್ದಿತ್ತು. ದಾರ ಕಟ್ಟಿದ ಜೀರ್ಜಿಂಬೆ! ಒಂದೇ ವ್ಯತ್ಯಾಸ. ನಾವು ದಾರ ಕಟ್ಟಿದ್ದು ಹುಳ ತಪ್ಪಿಸಿಕೊಂಡು ಹೋಗದಿರಲಿ ಎಂದು, ಅವರು ಕಟ್ಟಿದ್ದು ಅದಕ್ಕೆ ಊಟ ಕೊಡಲು. ಕರೆಂಟು ಆ ತಂತಿಯಲ್ಲೇ ಹತ್ತಬೇಕು. ತಂತಿ ಕತ್ತರಿಸಿದರೆ ಯಂತ್ರ ಬೀಳುತ್ತದೆ. ಅಜ್ಜಿ ಕೇಳಿದ ಪ್ರಶ್ನೆಯನ್ನೇ ಆ ಮೇಧಾವಿಗಳೆಲ್ಲ ಹಗಲೂ ರಾತ್ರಿ ಕೇಳಿಕೊಳ್ಳುತ್ತಿದ್ದಾರೆ ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಂದಿನಿಂದ ಹುಳಗಳ ಹಾರಾಟದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವುದು ನನಗೊಂದು ಗೀಳಾಗಿದೆ.

ಊಟದ ಮಾತು ಆಮೇಲೆ. ಮೊದಲು ಹಾರುವ ಮಾತು. ಕಾಫಿ ಲೋಟದ ಅಂಚಿನ ಮೇಲೆ ನೊಣ ಕೂತಿದೆ ಅಂದುಕೊಳ್ಳಿ. ಕೈ ಎತ್ತುತ್ತೀರಿ. ಕೈ ಇಳಿಯುವಷ್ಟರಲ್ಲಿ ಅದು ಇಲ್ಲ. ಹಣ್ಣಿನ ಮೇಲೆ ಮುತ್ತುವ ಗುಂಗಾಡು ನೊಣವನ್ನು ವೇಗದ ಕ್ಯಾಮೆರಾಗಳಲ್ಲಿ ಹಿಡಿದು ನೋಡಿದವರು, ಅಪಾಯ ಕಂಡ ಮೇಲೆ ಅದು ದಿಕ್ಕು ಬದಲಿಸಲು ಸೆಕೆಂಡಿನ ನೂರನೇ ಒಂದು ಭಾಗವೂ ಬೇಡ ಅನ್ನುತ್ತಾರೆ. ಯುದ್ಧವಿಮಾನ ಓರೆಯಾಗಿ ತಿರುಗುವಂತೆ ಮೈಯನ್ನು ವಾಲಿಸಿಕೊಂಡು ಅದು ಜಾರಿಕೊಳ್ಳುತ್ತದೆ. ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದವರು 2018ರಲ್ಲಿ ಡೆಲ್‌ಫ್ಲೈ ನಿಂಬಲ್ ಎಂಬ ನಾಲ್ಕು ರೆಕ್ಕೆಯ ಯಂತ್ರದಿಂದ ಇದೇ ತಿರುಗಾಟವನ್ನು ಮಾಡಿಸಿ ತೋರಿಸಿದರು. ಆದರೆ ಆ ಯಂತ್ರ 29 ಗ್ರಾಂ ತೂಗುತ್ತದೆ, ರೆಕ್ಕೆಯಗಲ 33 ಸೆಂಟಿಮೀಟರ್. ಬ್ಯಾಟರಿಯನ್ನು ತಾನೇ ಹೊರುತ್ತದೆ. ನೊಣದ ಮುಂದೆ ಅದು ಆನೆ.

"ವಿಜ್ಞಾನದ ಪ್ರಕಾರ ದುಂಬಿ ಹಾರಲಾರದು, ದುಂಬಿಗೆ ಅದು ಗೊತ್ತಿಲ್ಲ, ಅದಕ್ಕೇ ಹಾರುತ್ತದೆ" ಎಂಬ ಮಾತನ್ನು ಭಾಷಣಗಳಲ್ಲಿ ನೀವೂ ಕೇಳಿರುತ್ತೀರಿ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಅದರ ಮೂಲ 1934ರಲ್ಲಿ ಆಂಟ್ವಾನ್ ಮಾನ್ಯಾನ್ ಎಂಬ ಫ್ರೆಂಚ್ ವಿಜ್ಞಾನಿ ಕೀಟಗಳ ಹಾರಾಟದ ಬಗ್ಗೆ ಬರೆದ ಪುಸ್ತಕ. ವಿಮಾನದ ರೆಕ್ಕೆಗೆ ಹಾಕುವ ಲೆಕ್ಕವನ್ನೇ ಹುಳಕ್ಕೂ ಹಾಕಿ ನೋಡಿದಾಗ ತಾಳೆಯಾಗಲಿಲ್ಲ ಎಂದು ಅವನು ಬರೆದ. ವಿಮಾನದ ರೆಕ್ಕೆ ಕದಲದೆ ನಿಂತಿರುತ್ತದೆ, ಹುಳದ ರೆಕ್ಕೆ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ತಾಳೆಯಾಗದೆ ಇದ್ದದ್ದು ಸಹಜ. ತಪ್ಪು ದುಂಬಿಯದಲ್ಲ, ವಿಜ್ಞಾನದ್ದೂ ಅಲ್ಲ, ಸಲ್ಲದ ಕಡೆ ಹಾಕಿದ ಲೆಕ್ಕದ್ದು.

ಸರಿಯಾದ ಲೆಕ್ಕ ಸಿಗಲು ಇನ್ನೂ ಅರವತ್ತು ವರ್ಷ ಬೇಕಾಯಿತು. ಅಡುಗೆಮನೆಗೆ ಹೋಗಿ, ಕುದಿಯುವ ಸಾರಿನಲ್ಲಿ ಸೌಟನ್ನು ಓರೆಯಾಗಿ ಹಿಡಿದು ಎಳೆಯಿರಿ. ಸೌಟಿನ ಬೆನ್ನ ಹಿಂದೆ ಒಂದು ಸುಳಿ ಏಳುತ್ತದೆ, ಒಗ್ಗರಣೆಯ ಕರಿಬೇವು ಅದರಲ್ಲಿ ಸಿಕ್ಕಿ ಗಿರಗಿರನೆ ತಿರುಗುತ್ತದೆ. ಅಂಥದೇ ಒಂದು ಗಾಳಿಸುಳಿ ಹುಳದ ರೆಕ್ಕೆಯ ಮುಂಚೂಣಿಯ ಅಂಚಿಗೆ ಅಂಟಿಕೊಂಡು ಮೇಲಿನಿಂದ ರೆಕ್ಕೆಯನ್ನು ಹೀರಿ ಎತ್ತುತ್ತದೆ. ಕೇಂಬ್ರಿಜ್‌ನ ಚಾರ್ಲ್ಸ್ ಎಲಿಂಗ್ಟನ್ ಮತ್ತು ಸಂಗಡಿಗರು ದೊಡ್ಡ ಜಾತಿಯ ಪತಂಗದ ರೆಕ್ಕೆಯ ಮೇಲೆ ಹೊಗೆ ಹಾಯಿಸಿ ಈ ಸುಳಿಯನ್ನು ಕಣ್ಣಿಗೆ ಕಾಣಿಸಿಕೊಟ್ಟರು. ಅದು 1996ರ ಮಾತು. ವಿಮಾನ ತನ್ನ ರೆಕ್ಕೆಯನ್ನು ಇಷ್ಟು ಓರೆ ಮಾಡಿದರೆ ಸುಳಿ ಕಳಚಿಕೊಂಡು ವಿಮಾನ ಕುಸಿಯುತ್ತದೆ. ಹುಳ ಏನು ಮಾಡುತ್ತದೆ ಎಂದರೆ, ಸುಳಿ ಕಳಚುವ ಮೊದಲೇ ಬೀಸು ಮುಗಿಸಿ ರೆಕ್ಕೆಯನ್ನು ಅಂಗೈ ಮಗುಚಿದಂತೆ ಮಗುಚಿ, ಹಿಂದಕ್ಕೆ ಬೀಸಲು ಶುರು ಮಾಡಿರುತ್ತದೆ. ಬೀಳುವ ಹೊತ್ತಿಗೆ ಮುಂದಿನ ಹೆಜ್ಜೆ ಇಟ್ಟಾಗಿರುತ್ತದೆ.

ಮೈಕೇಲ್ ಡಿಕಿನ್ಸನ್ ಎಂಬ ಜೀವವಿಜ್ಞಾನಿ ಬರ್ಕ್ಲಿಯಲ್ಲಿ ಇದನ್ನು ಅಳೆಯಲು ಹಿಡಿದ ದಾರಿ ನನಗೆ ಬಹಳ ಪ್ರಿಯ. ಗುಂಗಾಡು ನೊಣದ ತೂಕ ಒಂದು ಮಿಲಿಗ್ರಾಂ, ರೆಕ್ಕೆ ಬಡಿತ ಸೆಕೆಂಡಿಗೆ ಸುಮಾರು ಇನ್ನೂರು. ಅದರ ರೆಕ್ಕೆಯ ಮೇಲೆ ಅಳತೆಯ ಉಪಕರಣ ಕೂರಿಸುವುದೆಲ್ಲಿಂದ? ಹಾಗಾಗಿ ಅವರು ಒಂದು ದೊಡ್ಡ ಪಾರದರ್ಶಕ ತೊಟ್ಟಿ ಕಟ್ಟಿಸಿ ತುಂಬಾ ಖನಿಜ ತೈಲ ಹೊಯ್ದರು. ಅದರೊಳಗೆ ಒಂದೊಂದು 25 ಸೆಂಟಿಮೀಟರ್ ಉದ್ದದ ಪ್ಲಾಸ್ಟಿಕ್ ರೆಕ್ಕೆಗಳನ್ನು ಮೋಟರಿಗೆ ಜೋಡಿಸಿ ಇಳಿಬಿಟ್ಟರು. ಆರೇಳು ಸೆಕೆಂಡಿಗೆ ಒಂದು ಬಡಿತ, ಗಜಗಮನ. ಎಣ್ಣೆಯೇ ಯಾಕೆ ಎಂದರೆ, ಅಷ್ಟು ಸಣ್ಣ ಜೀವಕ್ಕೆ ಗಾಳಿ ನಮಗಿದ್ದ ಹಾಗೆ ತೆಳುವಾಗಿ ಇರುವುದಿಲ್ಲ, ಮೈಗೆ ಅಂಟುವ ಮಂದ ದ್ರವದಂತಿರುತ್ತದೆ. ಸಣ್ಣ ರೆಕ್ಕೆ ಗಾಳಿಯಲ್ಲಿ ರಭಸದಿಂದ ಬಡಿದಾಗ ಏನಾಗುತ್ತದೋ, ದೊಡ್ಡ ರೆಕ್ಕೆ ಎಣ್ಣೆಯಲ್ಲಿ ನಿಧಾನಕ್ಕೆ ಬಡಿದಾಗಲೂ ಅದೇ ಆಗುತ್ತದೆ. ಸುಳಿ ಮಾತ್ರವಲ್ಲ, ರೆಕ್ಕೆ ಮಗುಚುವ ಗಳಿಗೆಯಲ್ಲೂ ಎತ್ತುವ ಬಲ ಹುಟ್ಟುತ್ತದೆ ಎಂದು ಅಲ್ಲಿ ಗೊತ್ತಾಯಿತು. ಹಿಂದಿರುಗುವ ರೆಕ್ಕೆ ಹಿಂದಿನ ಬೀಸಿನಲ್ಲಿ ತಾನೇ ಎಬ್ಬಿಸಿದ ಗಾಳಿಗೆ ಡಿಕ್ಕಿ ಹೊಡೆದು, ಕೊಟ್ಟ ಸಾಲವನ್ನು ಒಂದಿಷ್ಟು ವಸೂಲು ಮಾಡಿಕೊಳ್ಳುತ್ತದೆ ಎಂಬುದೂ ಗೊತ್ತಾಯಿತು. 1999ರಲ್ಲಿ ಪ್ರಕಟವಾದ ಆ ಲೇಖನದ ಮೂವರು ಲೇಖಕರಲ್ಲಿ ಸಂಜಯ್ ಸಾನೆ ಒಬ್ಬರು. ಅವರು ಈಗ ಇರುವುದು ನಮ್ಮ ಬೆಂಗಳೂರಿನಲ್ಲಿ, ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ. ಅವರ ಹೆಸರು ಇನ್ನೂ ಬರುತ್ತದೆ.

ಹಾರುವ ಗುಟ್ಟು ತಿಳಿಯಿತು. ಇನ್ನು ಮಾಡಿ ನೋಡಬೇಕಲ್ಲ. ಇಲ್ಲಿ ಕಷ್ಟ ಶುರು. ದೊಡ್ಡ ಡ್ರೋನುಗಳಿಗೆ ಹಾಕುವ ಮೋಟರನ್ನು ಚಿಕ್ಕದು ಮಾಡುತ್ತ ಹೋದರೆ ಒಂದು ಹಂತದ ನಂತರ ಅದರ ಬಲವನ್ನೆಲ್ಲ ಒಳಗಿನ ಉಜ್ಜಾಟವೇ ತಿಂದುಹಾಕುತ್ತದೆ. ಹುಳದ ಗಾತ್ರದಲ್ಲಿ ಗಿಯರು, ಬೇರಿಂಗು ಯಾವುದೂ ಕೆಲಸಕ್ಕೆ ಬಾರದು. ಅದಕ್ಕೆ ವುಡ್ ಅವರ ಬಳಗ ಪೀಜೋ ಎಂಬ ವಸ್ತುವಿಗೆ ಮೊರೆಹೋಯಿತು. ಅದು ನಿಮ್ಮ ಮನೆಯಲ್ಲೂ ಇದೆ. ಗ್ಯಾಸ್ ಒಲೆ ಹಚ್ಚಲು ಟಕ್ ಅನ್ನಿಸುವ ಲೈಟರಿನ ಹೊಟ್ಟೆಯಲ್ಲಿ ಇರುವುದು ಇದೇ. ಅದಕ್ಕೆ ಪೆಟ್ಟು ಕೊಟ್ಟರೆ ವಿದ್ಯುತ್ತಿನ ಕಿಡಿ ಹಾರುತ್ತದೆ. ಅದನ್ನೇ ತಿರುವುಮುರುವು ಮಾಡಿ, ವಿದ್ಯುತ್ತು ಕೊಟ್ಟರೆ ಅದರ ಪಟ್ಟಿ ಚೂರೇ ಚೂರು ಬಾಗುತ್ತದೆ. ಆ ಚೂರನ್ನೇ ಸನ್ನೆಗೋಲಿನಂಥ ಕೀಲುಗಳಿಂದ ಹಿಗ್ಗಿಸಿ ರೆಕ್ಕೆ ಬೀಸಿಸುತ್ತಾರೆ.

ಆ ಕೀಲುಗಳನ್ನು ಕೂರಿಸುವವರು ಯಾರು? ಮೊದಮೊದಲು ಸೂಕ್ಷ್ಮದರ್ಶಕದ ಕೆಳಗೆ ಚಿಮಟ ಹಿಡಿದು, ಉಸಿರು ಬಿಗಿಹಿಡಿದು ಕೈಯಲ್ಲೇ ಕೂರಿಸುತ್ತಿದ್ದರು. ಕೈ ಒಂದಿಷ್ಟು ನಡುಗಿದರೂ ಹಲವು ದಿನದ ಕೆಲಸ ಹಾಳು. ಆಮೇಲೆ ಅವರಿಗೆ ಹೊಳೆದದ್ದು ಮಕ್ಕಳ ಪುಸ್ತಕ. ಪುಟ ತೆರೆದ ಕೂಡಲೇ ಮಡಿಕೆ ಬಿಚ್ಚಿಕೊಂಡು ಕೋಟೆಯೋ ಹುಲಿಯೋ ಎದ್ದು ನಿಲ್ಲುವಂಥ ಪುಸ್ತಕಗಳು ಇರುತ್ತವಲ್ಲ, ಅವು. ನಮ್ಮಲ್ಲಿ ಹಬ್ಬಕ್ಕೆ ತರುವ ಬಣ್ಣದ ಕಾಗದದ ಗುಂಡುಗಳೂ ಅದೇ ಜಾತಿ, ಅಂಗಡಿಯಲ್ಲಿ ಚಪ್ಪಟೆ ಹಾಳೆ, ಮನೆಯಲ್ಲಿ ಬಿಡಿಸಿದರೆ ಗೋಳ. ಕಾರ್ಬನ್ ನಾರಿನ ಗಟ್ಟಿ ಹಾಳೆ, ಬಾಗುವ ಪ್ಲಾಸ್ಟಿಕ್ ಹಾಳೆ, ನಡುವೆ ಅಂಟು. ಹೀಗೆ 18 ಪದರಗಳನ್ನು ಲೇಸರಿನಿಂದ ಕತ್ತರಿಸಿ, ಒಂದರ ಮೇಲೊಂದಿಟ್ಟು ಒತ್ತಿ, ಕೊನೆಗೆ ಒಂದು ಸಲ ಮೇಲಕ್ಕೆತ್ತಿದರೆ ಮಡಿಕೆಗಳೆಲ್ಲ ಒಟ್ಟಿಗೆ ಬಿಚ್ಚಿಕೊಂಡು ಹುಳ ಎದ್ದು ನಿಲ್ಲುತ್ತದೆ. ಗಟ್ಟಿ ಹಾಳೆ ಮೂಳೆ, ಮೆದು ಹಾಳೆ ಕೀಲು. ಉಜ್ಜಾಟವೇ ಇಲ್ಲ. 2012ರಲ್ಲಿ ಈ ವಿಧಾನ ಪ್ರಕಟವಾಯಿತು. ಅದೇ ವರ್ಷದ ಬೇಸಿಗೆಯ ಒಂದು ಬೆಳಗಿನ ಜಾವ ಹಾರ್ವರ್ಡ್‌ನ ಕೋಣೆಯೊಂದರಲ್ಲಿ ರೋಬೋಬೀ ಹೇಳಿದ ಮಾತು ಕೇಳಿ ಹಾರಿತು. ಜಗತ್ತಿಗೆ ಸುದ್ದಿ ಸಿಕ್ಕಿದ್ದು 2013ರ ಮೇ ತಿಂಗಳಲ್ಲಿ.

ದಾರ ಕಟ್ಟಿದ ಯಂತ್ರದ ಹುಳ ಹಾರ್ವರ್ಡಿನದೇ ಮೊದಲಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಎಟಿಯನ್ ಜೂಲ್ ಮಾರೇ ಕಣಜದ ರೆಕ್ಕೆಯ ತುದಿಗೆ ಚಿನ್ನದ ರೇಕಿನ ಚೂರು ಅಂಟಿಸಿ, ಬಿಸಿಲಿಗೆ ಹಿಡಿದು, ರೆಕ್ಕೆಯ ತುದಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಓಡುವುದನ್ನು ಕಂಡ. ಆಮೇಲೆ ಒಂದು ಯಂತ್ರಹುಳ ಮಾಡಿದ. ಅದನ್ನೊಂದು ಕೋಲಿನ ತುದಿಗೆ ಸಿಕ್ಕಿಸಿ, ಕೊಳವೆಯಿಂದ ಗಾಳಿ ಊದಿ ರೆಕ್ಕೆ ಬಡಿಸಿದರೆ ಅದು ಗಾಣದೆತ್ತಿನಂತೆ ಸುತ್ತುತ್ತಿತ್ತು. ಅವನದೂ ಹೊರಗಿನಿಂದ ಊಟ ಪಡೆದ ಹುಳವೇ. ದಾರವಿಲ್ಲದ ಒಂದು ಪ್ರಯತ್ನವೂ ಇದೆ. 1970ರ ದಶಕದಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಕದ್ದು ಕೇಳಲೆಂದು ಏರೋಪ್ಲೇನ್ ಚಿಟ್ಟೆಯ ಆಕಾರದ ಯಂತ್ರ ಮಾಡಿಸಿತು. ಹಾರುವುದೇನೋ ಹಾರಿತು, ಬೀಸುಗಾಳಿಗೆ ನಿಲ್ಲಲಿಲ್ಲ. ಈಗ ಅವರ ಮ್ಯೂಸಿಯಮ್ಮಿನಲ್ಲಿದೆ.

ಸಂಜೆ ಗದ್ದೆಯ ಮೇಲೆ ಗುಂಪುಗುಂಪಾಗಿ ಹಾರುವ ನಿಜವಾದ ಏರೋಪ್ಲೇನ್ ಚಿಟ್ಟೆಗಳಿಗೆ ಅದೇ ಗಾಳಿ ವಾಹನ. ಅವುಗಳಲ್ಲಿ ಹಳದಿ ಮೈಯ ಒಂದು ಜಾತಿ ಮಳೆಗಾಲ ಮುಗಿದ ಮೇಲೆ ಭಾರತದಿಂದ ಹೊರಟು, ಮಾಲ್ಡೀವ್ಸ್ ಹಾದು, ಅರಬ್ಬೀ ಸಮುದ್ರದಾಚೆ ಆಫ್ರಿಕಾದ ಕಡೆಗೆ ಹೋಗುತ್ತದೆ. ಅಷ್ಟು ದೂರಕ್ಕೆ ಬುತ್ತಿ ಎಲ್ಲಿ? ಮೈಯೊಳಗಿನ ಕೊಬ್ಬು, ದಾರಿಯಲ್ಲಿ ಸಿಕ್ಕ ಸಣ್ಣ ಹುಳ, ಬೆನ್ನಿಗೆ ಬೀಸುವ ಗಾಳಿ. ಅಷ್ಟೇ.

ಬುತ್ತಿಯ ಮಾತಿಗೆ ಬಂದೆವು, ಬಂದದ್ದು ಒಳ್ಳೆಯದಾಯಿತು. ರೋಬೋಬೀಯ ತಂತಿ ಕತ್ತರಿಸಲು ಆರೇಳು ವರ್ಷ ಹಿಡಿಯಿತು. 2019ರಲ್ಲಿ ಅದಕ್ಕೆ ಎರಡರ ಬದಲು ನಾಲ್ಕು ರೆಕ್ಕೆ ಹಚ್ಚಿ, ತಲೆಯ ಮೇಲೆ ಪುಟಾಣಿ ಸೌರಫಲಕಗಳನ್ನು ಕೂರಿಸಿ, ಹೊಟ್ಟೆಯ ಕೆಳಗೆ ವಿದ್ಯುತ್ ಮಂಡಲವನ್ನು ತೂಗುಹಾಕಿ ಹಾರಿಸಿದರು. ಒಟ್ಟು ತೂಕ 259 ಮಿಲಿಗ್ರಾಂ. ತಂತಿಯಿಲ್ಲದೆ ಹಾರಿತು! ಎಷ್ಟು ಹೊತ್ತು? ಒಂದು ಸೆಕೆಂಡಿಗಿಂತ ಕಡಿಮೆ. ಅದೂ ನಮ್ಮ ನೆತ್ತಿಯ ಸೂರ್ಯನ ಬಿಸಿಲು ಸಾಲದೆ, ಅದರ ಮೂರು ಪಟ್ಟು ಪ್ರಖರವಾದ ದೀಪದ ಅಡಿಯಲ್ಲಿ. ದೀಪದ ಬೆಳಕಿನಿಂದ ಹೊರಗೆ ತೇಲಿದ ಕೂಡಲೇ ಕೆಳಗೆ. ಎಂಐಟಿಯ ಕೆವಿನ್ ಚೆನ್ ಬಳಗ ರಬ್ಬರಿನಂಥ ಮೆತ್ತನೆಯ ಸ್ನಾಯು ಬಳಸಿ ಮಾಡಿದ ಹುಳ 2025ರ ಹೊತ್ತಿಗೆ ಸಾವಿರ ಸೆಕೆಂಡು, ಅಂದರೆ ಹದಿನಾರು ನಿಮಿಷಕ್ಕೂ ಹೆಚ್ಚು, ಗಾಳಿಯಲ್ಲಿ ನಿಂತು ದಾಖಲೆ ಮಾಡಿತು. ತುಂಬ ದೊಡ್ಡ ಸಾಧನೆ ಅದು. ಆದರೆ ಅದಕ್ಕೂ ಊಟ ತಂತಿಯಲ್ಲೇ.

ಈ ಅಂಕಿಗಳನ್ನು ಓದಿ ಯಾರಾದರೂ ಇಷ್ಟೇನೇ ಅಂದರೆ ನನಗೆ ಬೇಸರವಾಗುತ್ತದೆ. ಆ ಒಂದು ಸೆಕೆಂಡಿನ ಹಿಂದೆ ಎಷ್ಟೋ ಜನರ ಯೌವನವಿದೆ. ಬ್ಯಾಟರಿ ದೊಡ್ಡದು ಮಾಡಿದರೆ ತೂಕ ಹೆಚ್ಚುತ್ತದೆ. ತೂಕ ಹೆಚ್ಚಿದರೆ ರೆಕ್ಕೆ ಇನ್ನೂ ಬಿರುಸಾಗಿ ಬಡಿಯಬೇಕು. ಬಿರುಸಾಗಿ ಬಡಿದರೆ ಬ್ಯಾಟರಿ ಇನ್ನೂ ದೊಡ್ಡದು ಬೇಕು. ಆಳಿನ ಕೂಲಿಗಿಂತ ಬುತ್ತಿಯ ಖರ್ಚೇ ಹೆಚ್ಚಾದ ಬೇಸಾಯದಂತೆ. ಹುಳ ಈ ಚಕ್ರದಿಂದ ಪಾರಾದ ರೀತಿ ನೋಡಿ. ಅದರ ಬುತ್ತಿ ಸಕ್ಕರೆ, ಕೊಬ್ಬು. ಒಂದೇ ತೂಕದ ಬ್ಯಾಟರಿಗೂ ಕೊಬ್ಬಿಗೂ ಶಕ್ತಿಯಲ್ಲಿ ಅಜಗಜಾಂತರ. ಜೇನುನೊಣ ಗೂಡಿನಿಂದ ಹೊರಡುವ ಮೊದಲು ದಾರಿಗೆ ಬೇಕಾದಷ್ಟು ಜೇನು ಕುಡಿದು ಹೊರಡುತ್ತದೆ. ರೆಕ್ಕೆಯ ಬುಡದಲ್ಲಿ ರೆಸಿಲಿನ್ ಎಂಬ ರಬ್ಬರಿನಂಥ ಪದಾರ್ಥವಿದೆ, ಎಳೆದು ಬಿಟ್ಟರೆ ಕೊಟ್ಟ ಶಕ್ತಿಯನ್ನು ಹೆಚ್ಚುಕಡಿಮೆ ಪೂರ್ತಿ ಹಿಂದಿರುಗಿಸುತ್ತದೆ. ಇನ್ನು ಸ್ನಾಯು. ನೊಣ, ಜೇನುಗಳ ಹಾರುವ ಸ್ನಾಯುಗಳು ರೆಕ್ಕೆಯನ್ನು ನೇರ ಎಳೆಯುವುದಿಲ್ಲ, ಎದೆಯ ಗೂಡನ್ನೇ ಒತ್ತಿ ಅದರುವಂತೆ ಮಾಡುತ್ತವೆ. ಜೋಕಾಲಿಯಲ್ಲಿ ಕೂತ ಮಗುವನ್ನು ಪ್ರತಿ ಸಲ ಎತ್ತಿ ಇಳಿಸುತ್ತೇವೆಯೇ? ಹೊತ್ತರಿತು ಒಂದು ಸಣ್ಣ ತಳ್ಳು, ಅಷ್ಟೆ. ಹಾಗೆಯೇ ಮೆದುಳು ಒಂದೊಂದು ಬಡಿತಕ್ಕೂ ಅಪ್ಪಣೆ ಕೊಡುವುದಿಲ್ಲ. ಆಗೊಂದು ಈಗೊಂದು ಸುಳಿವು ಕೊಟ್ಟರೆ ಮಿಕ್ಕದ್ದನ್ನು ಮೈಯೇ ನೋಡಿಕೊಳ್ಳುತ್ತದೆ.

"ಮೈಯೇ ನೋಡಿಕೊಳ್ಳುತ್ತದೆ" ಎಂಬ ಮಾತಿನ ಮೇಲೆ ನನಗೆ ಬಹಳ ಮಮಕಾರ. ಯಾಕೆಂದು ಹೇಳುತ್ತೇನೆ. ಬೆಂಗಳೂರಿನ ಮನೆಗಳಲ್ಲಿ ಹಸಿಕಸದಿಂದ ಗೊಬ್ಬರ ಮಾಡುವವರಿಗೆ ಕಪ್ಪಗೆ ಕಣಜದಂತೆ ಕಾಣುವ ಒಂದು ನೊಣ ಗೊತ್ತಿರುತ್ತದೆ. ಅದರ ಮರಿಗಳೇ ಡಬ್ಬದ ಕಸವನ್ನು ತಿಂದು ಮುಗಿಸುವುದು. ತನ್ವಿ ದೇವರಾ, ಅಮಿತ್ ಸಿಂಗ್ ಮತ್ತು ಸಂಜಯ್ ಸಾನೆ ಬೆಂಗಳೂರಿನಲ್ಲಿ ಈ ಜಾತಿಯ ನೊಣವನ್ನೇ ಇಟ್ಟುಕೊಂಡು ಒಂದು ಅಧ್ಯಯನ ನಡೆಸಿ 2015ರಲ್ಲಿ ಪ್ರಕಟಿಸಿದರು. ನೊಣಕ್ಕೆ ಇರುವುದು ಎರಡೇ ರೆಕ್ಕೆ. ಹಿಂದಿನ ಜೋಡಿಯ ಜಾಗದಲ್ಲಿ ಗುಂಡುಪಿನ್ನಿನಂಥ ಎರಡು ಪುಟ್ಟ ದಂಟುಗಳಿವೆ. ಅವು ರೆಕ್ಕೆಯ ಜೊತೆಗೇ ಅದೇ ವೇಗದಲ್ಲಿ ಬಡಿಯುತ್ತ, ಮೈ ಯಾವ ಕಡೆ ತಿರುಗಿತು ಎಂಬ ಸುದ್ದಿಯನ್ನು ಕ್ಷಣಕ್ಷಣಕ್ಕೂ ನರಗಳಿಗೆ ಮುಟ್ಟಿಸುತ್ತವೆ. ವಿಮಾನದಲ್ಲಿ ಗೈರೋಸ್ಕೋಪ್ ಮಾಡುವ ಕೆಲಸ ಅದು. ರೆಕ್ಕೆ ಮೇಲಾದಾಗ ದಂಟು ಕೆಳಗೆ, ರೆಕ್ಕೆ ಕೆಳಗಾದಾಗ ದಂಟು ಮೇಲೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ತಾಳ ಒಮ್ಮೆಯೂ ತಪ್ಪದಂತೆ ನೋಡಿಕೊಳ್ಳುವವರು ಯಾರು? ಮೆದುಳಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಅಲ್ಲ. ಎದೆಯ ಗೋಡೆಯಲ್ಲಿರುವ ಒಂದು ಗಟ್ಟಿ ಏಣು ರೆಕ್ಕೆಗೂ ದಂಟಿಗೂ ಬೆಸುಗೆಯಾಗಿದೆ, ಬೆನ್ನಿನ ಇನ್ನೊಂದು ಪಟ್ಟಿ ಎರಡು ರೆಕ್ಕೆಗಳನ್ನು ಜೊತೆಗೂಡಿಸಿದೆ. ಸತ್ತ ನೊಣದ ರೆಕ್ಕೆಯನ್ನು ಎತ್ತಿದರೂ ದಂಟು ಅಲುಗುತ್ತದೆ. ಏಣನ್ನು ಸೀಳಿದರೆ ತಾಳ ತಪ್ಪುತ್ತದೆ. ಯಂತ್ರ ಮಾಡುವವರು ಲೆಕ್ಕ ಹಾಕಿ ಹಾಕಿ ಸಾಧಿಸುವ ಹೊಂದಾಣಿಕೆಯನ್ನು ಈ ನೊಣ ತನ್ನ ಚಿಪ್ಪಿನ ಆಕಾರದಲ್ಲೇ ಇಟ್ಟುಕೊಂಡಿದೆ.

ದಂಟು ಇಲ್ಲದ ಪತಂಗ ಏನು ಮಾಡುತ್ತದೆ ಎಂಬುದನ್ನೂ ಸಾನೆ ಮತ್ತು ಅವರ ಸಂಗಡಿಗರೇ ಅಮೆರಿಕದಲ್ಲಿದ್ದಾಗ ಕಂಡುಕೊಂಡರು. ಅದು 2007ರ ಪ್ರಯೋಗ. ಪತಂಗದ ಮೀಸೆಯನ್ನು ಬುಡದ ಹತ್ತಿರ ಕತ್ತರಿಸಿದರು. ಅದು ಗೋಡೆಗೆ ಬಡಿದುಕೊಂಡಿತು, ಹಿಂದುಹಿಂದಕ್ಕೆ ಹಾರಿತು, ಬಿದ್ದಿತು. ಕತ್ತರಿಸಿದ ಮೀಸೆಯನ್ನೇ ಅಂಟು ಹಾಕಿ ಮತ್ತೆ ಅಂಟಿಸಿದರು. ಪತಂಗ ಮೊದಲಿನ ಹಾಗೆ ಹಾರಿತು! ಅಂಟಿಸಿದ ಮೀಸೆಗೆ ನರದ ಸಂಪರ್ಕವಿಲ್ಲ, ವಾಸನೆ ಹತ್ತುವುದಿಲ್ಲ. ಅದರ ಭಾರವೊಂದೇ ಸಾಕಾಯಿತು. ಮೈ ತಿರುಗಿದಾಗ ಆ ಭಾರ ತೊನೆಯುತ್ತದೆ, ಬುಡದಲ್ಲಿ ಉಳಿದಿರುವ ಸೂಕ್ಷ್ಮ ಅಂಗಕ್ಕೆ ಅದು ತಿಳಿಯುತ್ತದೆ. ಈ ಪ್ರಯೋಗದ ವಿವರ ಓದಿದ ರಾತ್ರಿ ನಾನು ದೀಪದ ಸುತ್ತ ಹಾರುವ ಪತಂಗಗಳನ್ನು ನೋಡುತ್ತ ಬಹಳ ಹೊತ್ತು ಕೂತಿದ್ದೆ.

ಹಾರುವುದಾಯಿತು, ಸಮತೋಲವಾಯಿತು. ದಾರಿ? ದಾರಿಯ ವಿಷಯಕ್ಕೆ ಬಂದರೆ ನಾವು ನೆನೆಯಬೇಕಾದವರು ಮಂಡಯಂ ಶ್ರೀನಿವಾಸನ್. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ಯೇಲ್‌ನಲ್ಲಿ ಪಿಎಚ್.ಡಿ. ಮಾಡಿ, ಆಸ್ಟ್ರೇಲಿಯಾದಲ್ಲಿ ನೆಲೆಸಿ ಜೇನುನೊಣದ ಕಣ್ಣಿನ ಹಿಂದೆ ಬಿದ್ದವರು. ವಿಜ್ಞಾನಕ್ಕಾಗಿ ಅಲ್ಲಿನ ಪ್ರಧಾನಮಂತ್ರಿಗಳು ಕೊಡುವ ಪ್ರಶಸ್ತಿ 2006ರಲ್ಲಿ ಅವರಿಗೆ ಬಂತು. ಕನ್ನಡದ ಮಕ್ಕಳಿಗೆ ಅವರ ಹೆಸರು ಇನ್ನೂ ಚೆನ್ನಾಗಿ ಗೊತ್ತಾಗಬೇಕು ಎಂಬುದು ನನ್ನ ಆಸೆ.

ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಒಂದು ವಿಷಯ ಗೊತ್ತು. ರಸ್ತೆಬದಿಯ ಹುಣಸೆಮರ ಸರ್ರನೆ ಹಿಂದೆ ಓಡುತ್ತದೆ, ದೂರದ ಗುಡ್ಡ ನಿಧಾನಕ್ಕೆ ಸರಿಯುತ್ತದೆ. ಹತ್ತಿರದ್ದು ಬೇಗ, ದೂರದ್ದು ನಿಧಾನ. ಜೇನಿನ ಎರಡು ಕಣ್ಣುಗಳು ಒಂದಕ್ಕೊಂದು ತೀರ ಹತ್ತಿರ ಇರುವುದರಿಂದ ನಮ್ಮ ಹಾಗೆ ಎರಡೂ ಕಣ್ಣು ಕೂಡಿಸಿ ದೂರ ಅಳೆಯಲು ಅದಕ್ಕಾಗದು. ಅದು ಬಸ್ಸಿನ ಕಿಟಕಿಯ ಈ ಲೆಕ್ಕವನ್ನೇ ನೆಚ್ಚಿದೆ. ಶ್ರೀನಿವಾಸನ್ ಮತ್ತು ಸಂಗಡಿಗರು ಗೋಡೆಗಳಿಗೆ ಮೇಲಿಂದ ಕೆಳಗೆ ಪಟ್ಟಿಗಳನ್ನು ಬಳಿದ ಒಂದು ಓಣಿ ಮಾಡಿ ಜೇನುಗಳನ್ನು ಅದರಲ್ಲಿ ಹಾಯಿಸಿದರು. ಜೇನು ಸರಿಯಾಗಿ ನಡುವೆ ಹಾರಿತು. ಒಂದು ಗೋಡೆಯ ಪಟ್ಟಿಗಳನ್ನು ಜೇನು ಹೋಗುವ ದಿಕ್ಕಿಗೇ ಓಡಿಸಿದರು. ಜೇನು ಆ ಗೋಡೆಯ ಕಡೆಗೆ ಸರಿದು ಹಾರಿತು. ಪಟ್ಟಿಗಳು ಜೊತೆಯಲ್ಲೇ ಓಡಿದ್ದರಿಂದ ಆ ಗೋಡೆ ದೂರವಿದ್ದಂತೆ ಕಂಡಿತು. ಎರಡೂ ಕಡೆಯ ಓಟ ಸಮ ಮಾಡಿಕೊಂಡು ಹೋದರೆ ನಡುದಾರಿ ತಾನಾಗಿ ಸಿಗುತ್ತದೆ.

ಇಳಿಯುವುದು ಇನ್ನೂ ಸೊಗಸು. ಕೆಳಗಿನ ನೆಲ ಕಣ್ಣಿಗೆ ಓಡುವ ವೇಗ ಏರದಂತೆ, ಇಳಿಯದಂತೆ ಜೇನು ಕಾಯ್ದುಕೊಳ್ಳುತ್ತದೆ. ನೆಲ ಹತ್ತಿರವಾದಷ್ಟೂ ಅದು ಹೆಚ್ಚು ಜೋರಾಗಿ ಓಡಿದಂತೆ ಕಾಣುವುದರಿಂದ ಜೇನು ತನ್ನ ವೇಗ ತಗ್ಗಿಸಲೇಬೇಕು. ತಗ್ಗಿಸುತ್ತ ತಗ್ಗಿಸುತ್ತ ಕಾಲು ತಾಗುವ ಹೊತ್ತಿಗೆ ವೇಗ ಸೊನ್ನೆಗೆ ಬಂದಿರುತ್ತದೆ. ಎತ್ತರ ಎಷ್ಟು, ವೇಗ ಎಷ್ಟು ಎಂದು ಅದು ತಿಳಿಯಬೇಕಾದದ್ದೇ ಇಲ್ಲ. ಒಂದು ಮಿಲಿಗ್ರಾಂ ತೂಕದ, ಸುಮಾರು ಹತ್ತು ಲಕ್ಷ ನರಕೋಶಗಳ ಮೆದುಳಿಗೆ ಇಷ್ಟು ಸಾಕು. ಶ್ರೀನಿವಾಸನ್ ಅವರ ಬಳಗ ಇದೇ ಉಪಾಯವನ್ನು ಹಾರುವ ಯಂತ್ರಗಳಿಗೂ ಕಲಿಸಿತು. ದೊಡ್ಡ ಕಂಪ್ಯೂಟರನ್ನು ಹೊರಲಾರದ ಪುಟ್ಟ ಯಂತ್ರಗಳಿಗೆ ಇದಕ್ಕಿಂತ ಒಳ್ಳೆಯ ಗುರು ಸಿಗಲಾರದು.

ಮಾತು ಜೇನಿನ ಮೇಲೆ ನಿಂತಿರುವಾಗ ಮನಸ್ಸಿನಲ್ಲಿರುವ ಒಂದು ವಿಷಯ ಹೇಳಿಬಿಡುತ್ತೇನೆ. ರೋಬೋಬೀ ಯೋಜನೆ ಶುರುವಾದಾಗ ಯಂತ್ರಗಳಿಂದ ಪರಾಗಸ್ಪರ್ಶ ಮಾಡಿಸುವ ಮಾತು ಬಂತು, ಇನ್ನೇನು ನಿಜವಾದ ಜೇನು ಇಲ್ಲದಿದ್ದರೂ ನಡೆಯುತ್ತದೆ ಎಂದು ಕೆಲವರು ಬರೆದೂಬಿಟ್ಟರು. ಬೇಡ, ಆ ಆಸೆ ಸಲ್ಲದು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನು ಕುಟುಂಬಗಳು ಸಾಲುಸಾಲಾಗಿ ನಾಶವಾದದ್ದನ್ನು ಮಲೆನಾಡಿನ, ಕೊಡಗಿನ, ಕರಾವಳಿಯ ಜೇನು ಸಾಕಣೆಯವರು ಮರೆತಿಲ್ಲ. ಆ ಪೆಟ್ಟಿನಿಂದ ಜೇನು ಮತ್ತೆ ಚೇತರಿಸಿಕೊಂಡದ್ದು ಹೇಗೆ? ಉಳಿದ ಕುಟುಂಬಗಳು ಮರಿ ಮಾಡಿದವು, ಹಿಸೆಯಾದವು, ಹಾರಿಹೋಗಿ ಹೊಸ ಪೊಟರೆ ಹುಡುಕಿದವು. ಯಂತ್ರದ ಜೇನು ಮರಿ ಹಾಕುವುದಿಲ್ಲ. ಒಂದು ಎಕರೆ ಕಾಫಿತೋಟ ಒಟ್ಟಿಗೆ ಹೂ ಬಿಟ್ಟ ಬೆಳಗ್ಗೆ ಅಲ್ಲಿ ಏಳುವ ಜೇನಿನ ಮೊರೆತ ಕೇಳಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಕುಸಿದ ಕಟ್ಟಡದ ಸಂದಿನಲ್ಲಿ ನುಸುಳಿ ಸಿಕ್ಕಿಬಿದ್ದವರನ್ನು ಹುಡುಕುವ, ಮನುಷ್ಯ ಹೋಗಲಾಗದ ಕೊಳವೆಯೊಳಗೆ ಇಣುಕಿ ಬರುವ ಕೆಲಸ ಪುಟ್ಟ ಯಂತ್ರಗಳಿಂದ ಆಗಲಿ, ಮನಸಾರೆ ಹರಸುತ್ತೇನೆ. ಜೇನಿನ ಕೆಲಸ ಜೇನಿಗಿರಲಿ.

ಕೊನೆಗೆ ಇಳಿಯುವ ಮಾತು ಇನ್ನೊಂದಿದೆ. ರೋಬೋಬೀಗೆ ಹಾರುವುದಕ್ಕಿಂತ ಇಳಿಯುವುದೇ ಕಷ್ಟವಾಗಿತ್ತು. ನೆಲದ ಹತ್ತಿರ ಬಂದಾಗ ಅದರ ರೆಕ್ಕೆ ಎಬ್ಬಿಸಿದ ಗಾಳಿಯೇ ನೆಲಕ್ಕೆ ಬಡಿದು ವಾಪಸು ಬಂದು ಅದನ್ನು ತಳ್ಳಾಡುತ್ತಿತ್ತು. ಸ್ವಲ್ಪ ಮೇಲೆ ಇರುವಾಗಲೇ ರೆಕ್ಕೆ ನಿಲ್ಲಿಸಿ, ಬಿದ್ದಂತೆ ಬೀಳಲಿ ಎಂದು ಬಿಡುತ್ತಿದ್ದರು. 2025ರಲ್ಲಿ ಅದಕ್ಕೆ ಉದ್ದವಾದ, ಬಳುಕುವ, ಕೀಲಿರುವ ನಾಲ್ಕು ಕಾಲು ಬಂದವು. ಈಗ ಅದು ಎಲೆಯ ಮೇಲೂ ಮೆಲ್ಲಗೆ ಇಳಿಯುತ್ತದೆ. ಆ ಕಾಲಿನ ಮಾದರಿ ಯಾರದು ಗೊತ್ತೇ? ಮಳೆಗಾಲದಲ್ಲಿ ಬಚ್ಚಲುಮನೆಯ ಗೋಡೆಯ ಮೇಲೆ, ಕಿಟಕಿಯ ಮೂಲೆಯಲ್ಲಿ ಉದ್ದುದ್ದ ಕಾಲು ಚಾಚಿ ಅಂಟಿಕೊಂಡಿರುತ್ತದಲ್ಲ, ಭಾರೀ ಸೊಳ್ಳೆಯಂತೆ ಕಾಣುವ ಒಂದು ಹುಳ, ಅದರ ಬಳಗದ್ದು.

ಮುಂದಿನ ಸಲ ಅದು ಕಂಡಾಗ ಪೊರಕೆ ಎತ್ತಬೇಡಿ. ಅದು ಸೊಳ್ಳೆಯಲ್ಲ, ಕಚ್ಚುವುದಿಲ್ಲ. ಮನೆಯ ಮಕ್ಕಳನ್ನು ಕರೆಯಿರಿ, ಮೊಬೈಲಿನ ಟಾರ್ಚು ಹಾಕಿ, ರೆಕ್ಕೆಯ ಬುಡದ ಹಿಂದೆ ನೋಡಿ. ಗುಂಡುಪಿನ್ನಿನಂಥ ಎರಡು ದಂಟು ಬರಿಗಣ್ಣಿಗೇ ಕಾಣುತ್ತವೆ.